ಕೈಗೆ ಶಸ್ತ್ರಚಿಕಿತ್ಸೆಯಾದರೆ ಬಾಯಿಗೆ ಬೀಗವೇಕೆ?

ಕೈಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ಡಾಕ್ಟರು ಹೇಳಿದೊಡನೆ ನಮ್ಮವರಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. "ನನಗೇನೂ ಗೊತ್ತಾಗಬಾರದು, ಪೂರ್ತಿ ನಿದ್ದೆ ಬರಿಸಿ ಮಾಡಿಬಿಡಿ" ಎನ್ನುವವರು ಕೆಲವರು. "ಅವರು ಹೇಗೆ ಮಾಡಿದರೆ ಹಾಗೆ, ನಾವೇನು ಕೇಳುವುದು?" ಎನ್ನುವವರು ಹಲವರು. ಎರಡು ಮಾತಿನಲ್ಲೂ ಪ್ರಶ್ನೆಗೆ ಎಡೆಯಿಲ್ಲ. ಆದರೆ ಕೈಯ ಶಸ್ತ್ರಚಿಕಿತ್ಸೆಯಲ್ಲಿ ಅರಿವಳಿಕೆ ಮತ್ತು ನೋವುಶಮನವನ್ನು ಕುರಿತು ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಡೆದ ಸಂಶೋಧನೆ, ರೋಗಿ ಬಾಯಿಬಿಟ್ಟು ಕೇಳಲು ಸಾಕಷ್ಟು ಕಾರಣ ಒದಗಿಸಿದೆ. ಅದನ್ನು ನಮ್ಮ ಸದಸ್ಯ ಕುಟುಂಬಗಳು ತಿಳಿದಿರಬೇಕೆಂಬುದು ನಮ್ಮ ಅಭಿಪ್ರಾಯ.

ಇದು ನಮಗೆ ದೂರದ ವಿಷಯವಲ್ಲ. ಮಣಿಕಟ್ಟಿನಲ್ಲಿ ನರ ಒತ್ತಿಹೋಗಿ, ಹೆಬ್ಬೆರಳು, ತೋರುಬೆರಳು, ನಡುಬೆರಳು ರಾತ್ರಿಯ ಹೊತ್ತು ಜೋಮು ಹಿಡಿಯುವ ಕಾರ್ಪಲ್ ಟನಲ್ ತೊಂದರೆ ನಡುವಯಸ್ಸಿನ ಹೆಂಗಸರಲ್ಲಿ ಹೆಚ್ಚು. ಮಡಿಸಿದ ಬೆರಳು ಸಿಕ್ಕಿಕೊಂಡು ಟಕ್ಕೆಂದು ಬಿಡಿಸಿಕೊಳ್ಳುವ ಟ್ರಿಗರ್ ಫಿಂಗರ್ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ನಮ್ಮ ಮನೆಗಳಲ್ಲಿ ಸಕ್ಕರೆ ಕಾಯಿಲೆ ಎಷ್ಟು ಸಾಮಾನ್ಯವೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲು ಒಂದು ಹಳೆಯ ಹೆದರಿಕೆಯ ಕಥೆ. ಮರಗಟ್ಟಿಸುವ ಮದ್ದಿನೊಡನೆ ಎಪಿನೆಫ್ರಿನ್ ಬೆರೆಸಿ ಚುಚ್ಚಿದರೆ ರಕ್ತನಾಳಗಳು ಕುಗ್ಗುತ್ತವೆ. ರಕ್ತ ಕಡಿಮೆ ಸುರಿಯುತ್ತದೆ, ಮದ್ದಿನ ಪ್ರಭಾವವೂ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಬೆರಳಿಗೆ ಮಾತ್ರ ಅದನ್ನು ಚುಚ್ಚಕೂಡದು, ಚುಚ್ಚಿದರೆ ಬೆರಳು ಕೊಳೆತುಹೋಗುತ್ತದೆ ಎಂದು ವೈದ್ಯ ವಿದ್ಯಾರ್ಥಿಗಳಿಗೆ ಹಲವು ದಶಕಗಳ ಕಾಲ ಪಾಠವಾಯಿತು. ಹೀಗಾಗಿ ರಕ್ತ ತಡೆಯಲು ತೋಳಿಗೆ ಟೂರ್ನಿಕೆಟ್ ಪಟ್ಟಿ ಬಿಗಿಯಬೇಕು. ಬಿಗಿದ ಪಟ್ಟಿಯ ನೋವನ್ನು ಎಚ್ಚರವಿರುವವರು ಬಹಳ ಹೊತ್ತು ತಡೆಯಲಾರರು. ಆದ್ದರಿಂದ ಅಂಗೈಯಲ್ಲಿ ಒಂದು ಅಂಗುಲ ಕೊಯ್ಯುವುದಕ್ಕೂ ಇಡೀ ತೋಳನ್ನು ಮರಗಟ್ಟಿಸುವುದೋ, ಮತ್ತು ಬರಿಸುವುದೋ, ಪೂರ್ಣ ನಿದ್ದೆಗೆ ಕಳಿಸುವುದೋ ಆಗುತ್ತಿತ್ತು.

ಈ ಹೆದರಿಕೆಗೆ ಆಧಾರವೇನೆಂದು ಕೆಲವರು ಕೇಳಿದರು. 2001ರಲ್ಲಿ ಕೀತ್ ಡೆಂಕ್ಲರ್ ಎಂಬ ಶಸ್ತ್ರವೈದ್ಯರು ಹಳೆಯ ವೈದ್ಯ ಸಾಹಿತ್ಯವನ್ನೆಲ್ಲ ಜಾಲಾಡಿದಾಗ, ಬೆರಳಿಗೆ ಅರಿವಳಿಕೆ ಚುಚ್ಚಿದ ಮೇಲೆ ಅದು ಕೊಳೆತ 48 ಪ್ರಕರಣಗಳು ಸಿಕ್ಕವು. ಬಹುಪಾಲು 1950ಕ್ಕೂ ಹಿಂದಿನವು. ಅವುಗಳಲ್ಲಿ ಎಪಿನೆಫ್ರಿನ್ ಇದ್ದದ್ದು 21ರಲ್ಲಿ ಮಾತ್ರ! ಅರ್ಧಕ್ಕಿಂತ ಹೆಚ್ಚು ಬೆರಳುಗಳು ಹಾಳಾದದ್ದು ಅದಿಲ್ಲದೆಯೇ. ಆ ಕಾಲದಲ್ಲಿ ಬಳಸುತ್ತಿದ್ದ ಪ್ರೊಕೇನ್ ಎಂಬ ಮದ್ದು ಹಳತಾದಷ್ಟೂ ಆಮ್ಲವಾಗುತ್ತಿತ್ತು. ದೋಷ ಅದರದ್ದಿರಬಹುದೆಂಬುದು ಈಗಿನ ಸಂಶೋಧಕರ ವಾದ.

ಎಣಿಕೆಯ ಕೆಲಸ ನಡೆದದ್ದು ಕೆನಡಾದಲ್ಲಿ. ನ್ಯೂ ಬ್ರನ್ಸ್‌ವಿಕ್ ಪ್ರಾಂತದ ಸೇಂಟ್ ಜಾನ್ ನಗರದ ಡಾ. ಡೊನಾಲ್ಡ್ ಲಲೋಂಡ್ ಮತ್ತು ಸಂಗಡಿಗರು, ಆರು ನಗರಗಳ ಒಂಬತ್ತು ಶಸ್ತ್ರವೈದ್ಯರು, 2002ರಿಂದ 2004ರವರೆಗೆ ಕೈಗೂ ಬೆರಳಿಗೂ ಕಡಿಮೆ ಪ್ರಮಾಣದ ಎಪಿನೆಫ್ರಿನ್ ಚುಚ್ಚಿದ 3,110 ಪ್ರಕರಣಗಳನ್ನು ಒಂದನ್ನೂ ಬಿಡದೆ ದಾಖಲಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶ ಇದು: ಒಂದು ಬೆರಳೂ ಹೋಗಲಿಲ್ಲ. ಎಪಿನೆಫ್ರಿನ್ ಪ್ರಭಾವವನ್ನು ಹಿಮ್ಮೆಟ್ಟಿಸುವ ಫೆಂಟೋಲಮಿನ್ ಮದ್ದನ್ನು ಒಮ್ಮೆಯೂ ಬಳಸಬೇಕಾಗಿ ಬರಲಿಲ್ಲ. ಆಮೇಲೆ ತೀರ ಅಪರೂಪವಾಗಿ ತೊಂದರೆಯ ವರದಿಗಳು ಬಂದಿವೆ. ಆದ್ದರಿಂದ ಆ ಮದ್ದು ಕೈಯಳತೆಯಲ್ಲಿರಬೇಕು. ಬೆರಳಿನ ರಕ್ತಸಂಚಾರ ಮೊದಲೇ ಕೆಟ್ಟಿರುವವರಿಗೆ ಈ ದಾರಿ ಹಿಡಿಯುವ ಮುನ್ನ ವೈದ್ಯರು ಎರಡು ಸಲ ಯೋಚಿಸಬೇಕು.

ಹೀಗೆ ಹೊರಟ ವಿಧಾನಕ್ಕೆ ಇಂಗ್ಲಿಷಿನ ಮೊದಲಕ್ಷರಗಳನ್ನು ಸೇರಿಸಿ ವಾಲಂಟ್ ಎನ್ನುತ್ತಾರೆ. ರೋಗಿ ಪೂರ್ತಿ ಎಚ್ಚರ, ಕೈಗಷ್ಟೇ ಮದ್ದು, ತೋಳಿಗೆ ಪಟ್ಟಿಯಿಲ್ಲ. ಹಿಂದಿನ ರಾತ್ರಿಯಿಂದ ಉಪವಾಸ ಬೇಡ, ಸಕ್ಕರೆ ಕಾಯಿಲೆಯವರು ಎಂದಿನಂತೆ ತಿಂಡಿ ತಿಂದು ಮಾತ್ರೆ ನುಂಗಬಹುದು. ಕಡಿದುಹೋದ ಸ್ನಾಯುರಜ್ಜನ್ನು ಹೊಲಿದ ವೈದ್ಯರು, ಗಾಯ ಮುಚ್ಚುವ ಮೊದಲೇ "ಬೆರಳು ಮಡಿಸಿ ನೋಡೋಣ" ಎಂದು ಹೇಳಿ, ಹೊಲಿಗೆ ಬಿಡುತ್ತದೆಯೇ ಎಂದು ಕಣ್ಣಾರೆ ನೋಡಬಹುದು. ನಿದ್ದೆಯಲ್ಲಿರುವ ರೋಗಿಯಿಂದ ಇದು ಸಾಧ್ಯವಿಲ್ಲ.

ಎಲ್ಲರಿಗೂ ಇದೇ ಸರಿ ಎಂದು ನಾವು ಹೇಳುತ್ತಿಲ್ಲ. ಚಿಕ್ಕ ಮಕ್ಕಳಿಗೆ, ತೀರ ಗಾಬರಿ ಬೀಳುವವರಿಗೆ, ದೊಡ್ಡ ಗಾಯಕ್ಕೆ ಬೇರೆ ದಾರಿಯೇ ಬೇಕು. ಇಡೀ ತೋಳನ್ನು ಮರಗಟ್ಟಿಸುವ ಬ್ಲಾಕ್ ಕೂಡ ಒಳ್ಳೆಯ ವಿಧಾನವೇ. ಆದರೆ ಅದರ ಪ್ರಭಾವ ಇಳಿದಾಗ ನೋವು ಒಮ್ಮೆಲೇ ಉಕ್ಕಿಬರುವುದುಂಟು. ಮಣಿಕಟ್ಟಿನ ಮೂಳೆ ಮುರಿದವರನ್ನು ಕುರಿತು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬ್ಲಾಕ್ ಪಡೆದವರಿಗೆ ಮೊದಲ ಎರಡು ಗಂಟೆ ನೋವು ಕಡಿಮೆಯಿತ್ತು. ಹನ್ನೆರಡು ಗಂಟೆಯ ಹೊತ್ತಿಗೆ, ನಿದ್ದೆ ಬರಿಸಿಕೊಂಡವರಿಗಿಂತ ಹೆಚ್ಚಾಗಿತ್ತು. ಅಂದರೆ ನಡುರಾತ್ರಿ, ಮನೆಯಲ್ಲಿ. ಯಾವ ಮಾತ್ರೆಯನ್ನು ಎಷ್ಟು ಹೊತ್ತಿಗೆ ನುಂಗಬೇಕೆಂದು ಹಗಲೇ ಕೇಳಿ ಬರೆದಿಟ್ಟುಕೊಳ್ಳುವುದು ಜಾಣತನ.

ಮಾತ್ರೆಯ ಮಾತು ಬಂದದ್ದರಿಂದ ಇನ್ನೊಂದು ಎಣಿಕೆ. ಅಮೆರಿಕದಲ್ಲಿ ಕೈ ಶಸ್ತ್ರಚಿಕಿತ್ಸೆಯಾದ 250 ಮಂದಿಯನ್ನು ವಿಚಾರಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಹೆಚ್ಚಿನವರಿಗೆ 30 ಓಪಿಯಾಯ್ಡ್ ಮಾತ್ರೆ, ಅಂದರೆ ಅಫೀಮಿನ ಜಾತಿಯ ನೋವಿನ ಮಾತ್ರೆ, ಬರೆದುಕೊಟ್ಟಿದ್ದರು. ಸರಾಸರಿ 19 ಉಳಿದವು, ಒಟ್ಟು 4,639. ಇವೆಲ್ಲ ಯಾರ ಮನೆಯಲ್ಲಿ? ನಮ್ಮಂಥವರ ಮನೆಯ ಬಚ್ಚಲ ಕಪಾಟಿನಲ್ಲಿ, ಹೈಸ್ಕೂಲಿಗೆ ಹೋಗುವ ಮಕ್ಕಳ ಕೈಗೆ ಎಟುಕುವಂತೆ. "ದುಡ್ಡು ಕೊಟ್ಟು ತಂದದ್ದು, ಮುಂದೆ ಬೇಕಾದೀತು" ಎಂದು ಎತ್ತಿಡುವುದು ನಮ್ಮವರ ಸ್ವಭಾವ. ಉಪ್ಪಿನಕಾಯಿಗೆ ಆ ಬುದ್ಧಿ ಸರಿ, ಈ ಮಾತ್ರೆಗಲ್ಲ. ಸಣ್ಣ ಶಸ್ತ್ರಚಿಕಿತ್ಸೆಗಳ ನಂತರ ಟೈಲೆನಾಲ್ ಮತ್ತು ಐಬುಪ್ರೊಫೆನ್ ಬಹುಮಂದಿಗೆ ಸಾಕಾಗುತ್ತವೆ. ಮೂತ್ರಪಿಂಡ, ಹೊಟ್ಟೆಹುಣ್ಣು, ರಕ್ತ ತೆಳುಮಾಡುವ ಮದ್ದು ಇವುಗಳ ವಿಷಯವನ್ನು ಮಾತ್ರ ವೈದ್ಯರಿಗೆ ಮೊದಲೇ ತಿಳಿಸಬೇಕು.

ಇನ್ನು ಊರಿನಿಂದ ಬಂದು ನಮ್ಮೊಡನಿರುವ ತಂದೆತಾಯಿಯರ ವಿಷಯ. ಎಚ್ಚರವಾಗಿಟ್ಟು ಮಾಡುವ ಶಸ್ತ್ರಚಿಕಿತ್ಸೆಗೆ ಮಾತೇ ಆಧಾರ. "ನೋವು ಹತ್ತರಲ್ಲಿ ಎಷ್ಟು?" ಎಂದು ಇಂಗ್ಲಿಷಿನಲ್ಲಿ ಕೇಳಿದರೆ ನಮ್ಮ ಅಮ್ಮಂದಿರು "ಪರವಾಗಿಲ್ಲ" ಎಂದು ನಕ್ಕುಬಿಡುತ್ತಾರೆ. ಕನ್ನಡದಲ್ಲಿ ಕೇಳಿ ನೋಡಿ: ಉರಿ, ಸೆಳೆತ, ಚುಚ್ಚು, ಜೋಮು, ಸಿಡಿತ ಎಂದು ಬಿಡಿಸಿ ಹೇಳುತ್ತಾರೆ. ಉರಿ, ಜೋಮು ಎಂದರೆ ವೈದ್ಯರ ಗಮನ ನರದ ಕಡೆ ಹೋಗುತ್ತದೆ. ಬರಿ ಅಂಕಿ ಅದನ್ನು ಹೇಳುವುದಿಲ್ಲ. ಈ ದೇಶದಲ್ಲಿ ಫೆಡರಲ್ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ದುಭಾಷಿಯನ್ನು ಉಚಿತವಾಗಿ ಒದಗಿಸಬೇಕೆಂದು ಕಾನೂನಿದೆ. ಕನ್ನಡವೆಂದು ಸ್ಪಷ್ಟವಾಗಿ, ಮುಂಚಿತವಾಗಿ ಹೇಳಬೇಕು. ಇಲ್ಲದಿದ್ದರೆ ಹಿಂದಿಯವರನ್ನು ಕರೆತಂದು ಕೂರಿಸಿಯಾರು. ಇಂಗ್ಲಿಷ್ ಬಾರದವರನ್ನು ಸಂಶೋಧನೆಗಳಿಂದಲೂ ಅನೇಕ ವೇಳೆ ಹೊರಗಿಡುತ್ತಾರೆ. ಬೆರಳಿನ ಹೆದರಿಕೆ ಅಳಿದದ್ದು ಎಣಿಸಿದ್ದರಿಂದ. ನಮ್ಮ ಹಿರಿಯರ ನೋವು ಎಣಿಕೆಗೇ ಬಾರದಿದ್ದರೆ ಅದಕ್ಕೆ ತಕ್ಕ ಮದ್ದು ಗೊತ್ತಾಗುವುದು ಹೇಗೆ? ಅಧ್ಯಯನಕ್ಕೆ ಸೇರುವಿರಾ ಎಂದು ಕೇಳಿದಾಗ, ಪೂರ್ತಿ ತಿಳಿದುಕೊಂಡು, ಒಪ್ಪಿಗೆಯಾದರೆ ಸೇರುವುದು ಒಳ್ಳೆಯದೆಂದು ನಮ್ಮ ಭಾವನೆ.

ಆದ್ದರಿಂದ ನಮ್ಮ ಸೂಚನೆಗಳು ನಾಲ್ಕು. ಒಂದು, ಕೈಗಷ್ಟೇ ಮದ್ದು ಕೊಟ್ಟು ಮಾಡಬಹುದೇ, ಆಗದಿದ್ದರೆ ಏಕೆ ಎಂದು ಕೇಳಿ. ಎರಡು, ಬರೆದುಕೊಟ್ಟ ಮಾತ್ರೆ ಎಷ್ಟು, ಅಷ್ಟು ಏಕೆ ಎಂದು ಕೇಳಿ. ಮೂರು, ಉಳಿದ ಮಾತ್ರೆಯನ್ನು ಔಷಧಿ ಅಂಗಡಿಯ ಪೆಟ್ಟಿಗೆಗೋ, ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳ ಸಂಗ್ರಹ ದಿನಕ್ಕೋ ಹಿಂತಿರುಗಿಸಿ. ನಾಲ್ಕು, ಹಿರಿಯರಿಗೆ ಕನ್ನಡ ದುಭಾಷಿಯನ್ನು ಕೇಳಿ ಪಡೆಯಿರಿ.

ನಮ್ಮ ಸಂಘದಲ್ಲಿ ವೈದ್ಯರಿಗೇನೂ ಕೊರತೆಯಿಲ್ಲ. ಮುಂದಿನ ಸಂತೋಷಕೂಟದಲ್ಲಿ ಊಟಕ್ಕೆ ಮುಂಚೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅವರು ಈ ವಿಷಯದ ಮೇಲೆ ಕನ್ನಡದಲ್ಲಿ ಮಾತನಾಡಿ, ಪ್ರಶ್ನೆಗಳಿಗೆ ಉತ್ತರಿಸಬೇಕೆಂದು ಕೋರುತ್ತೇವೆ. ನಮ್ಮ ಮಾತಿನಲ್ಲಿ ತಿದ್ದಬೇಕಾದದ್ದಿದ್ದರೆ ಅಲ್ಲಿಯೇ ತಿದ್ದಲಿ.