ಷೇರುದಾರ ಜಾಣ, ನೌಕರ ನಿಯತ್ತಿಲ್ಲದವನೇ?



ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮದುವೆ ಮನೆಗಳಲ್ಲಿ ಎರಡು ಮಾತುಗಳು ತಪ್ಪದೆ ಕಿವಿಗೆ ಬೀಳುತ್ತವೆ. "ಯಾವ ಸಾಫ್ಟ್‌ವೇರ್ ಕಂಪನಿಯ ಷೇರು ಏರುತ್ತದೆ?" ಎಂಬುದು ಮೊದಲನೆಯದು. "ಅವರ ಹುಡುಗ ಮೂರು ವರ್ಷಕ್ಕೆ ಮೂರು ಕಂಪನಿ ಬದಲಿಸಿದನಂತೆ, ನಿಯತ್ತೇ ಇಲ್ಲ" ಎಂಬುದು ಎರಡನೆಯದು. ಬೆಳಿಗ್ಗೆ ಕೊಂಡ ಷೇರನ್ನು ಸಂಜೆಗೆ ಮಾರುವವರೇ ಈ ಎರಡನೆಯ ಮಾತನ್ನೂ ಆಡುವುದು ಸೋಜಿಗ. ಹಣಕ್ಕಿಲ್ಲದ ನಿಯತ್ತನ್ನು ದುಡಿಯುವ ಮಕ್ಕಳಿಂದ ಮಾತ್ರ ಕೇಳುವುದು ಅನ್ಯಾಯವೆಂಬುದು ನನ್ನ ವಾದ.

ಬೆಂಗಳೂರಿನ ಮೈಂಡ್‌ಟ್ರೀ ಕಂಪನಿಯನ್ನೇ ನೋಡಿರಿ. 1999ರಲ್ಲಿ ಹತ್ತು ಮಂದಿ ಕೂಡಿ ಕಟ್ಟಿದ ಸಂಸ್ಥೆ ಅದು. 2007ರಲ್ಲಿ ಷೇರುಪೇಟೆಗೆ ಬಂದಿತು. 2019ರ ವೇಳೆಗೆ ಸ್ಥಾಪಕರ ಪಾಲು ಶೇಕಡ 13ರಷ್ಟಿತ್ತು. ಕಾಫಿ ಡೇ ಖ್ಯಾತಿಯ ವಿ.ಜಿ. ಸಿದ್ಧಾರ್ಥ ಮತ್ತು ಅವರ ಸಂಸ್ಥೆಗಳ ಪಾಲು ಶೇಕಡ 20ನ್ನು ಮೀರಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಸಂಸ್ಥೆಯು ಸಿದ್ಧಾರ್ಥರ ಕಡೆಯ ಪಾಲನ್ನು ಷೇರಿಗೆ 980 ರೂಪಾಯಿಯಂತೆ, ಸುಮಾರು 3,269 ಕೋಟಿ ರೂಪಾಯಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಸ್ಥಾಪಕರು ಬಹಿರಂಗವಾಗಿ ವಿರೋಧಿಸಿದರೂ ಫಲವಾಗಲಿಲ್ಲ. ಜುಲೈ ತಿಂಗಳಲ್ಲಿ ಕೃಷ್ಣಕುಮಾರ್ ನಟರಾಜನ್, ಎನ್.ಎಸ್. ಪಾರ್ಥಸಾರಥಿ, ರೋಸ್ಟೋವ್ ರಾವಣನ್ ಮೂವರೂ ರಾಜೀನಾಮೆಯಿತ್ತರು. ಕಂಪನಿಯನ್ನು ಪ್ರತ್ಯೇಕವಾಗಿಯೇ ನಡೆಸುವೆವೆಂದು ಕೊಂಡವರು ಅಂದು ಹೇಳಿದ್ದರು. 2022ರ ನವೆಂಬರ್‌ನಲ್ಲಿ ಅದು ಅವರದೇ ಇನ್ನೊಂದು ಸಂಸ್ಥೆಯಾದ ಎಲ್‌ಟಿಐ ಜೊತೆ ವಿಲೀನವಾಯಿತು. ಕಟ್ಟಿದವರೇ ನಿಲ್ಲಲಾಗದ ಮನೆಯಲ್ಲಿ ನಿನ್ನೆ ಸೇರಿದ ಹುಡುಗ ಯಾರಿಗೆ ನಿಷ್ಠನಾಗಿರಬೇಕು?

ಬೆಂಗಳೂರಿನದೇ ಆದ ಎಂಫಸಿಸ್ 2006ರಲ್ಲಿ ಇಡಿಎಸ್ ವಶವಾಯಿತು. 2008ರಲ್ಲಿ ಇಡಿಎಸ್ ಅನ್ನೇ ಎಚ್‌ಪಿ ಕೊಂಡಿತು. 2016ರಲ್ಲಿ ಅದು ಬ್ಲಾಕ್‌ಸ್ಟೋನ್ ಕೈಸೇರಿತು. ಕುರ್ಚಿ ಬಿಟ್ಟು ಕದಲದೆ ದುಡಿದವನೂ ಹತ್ತು ವರ್ಷಗಳಲ್ಲಿ ಮೂವರು ಹೊಸ ಒಡೆಯರನ್ನು ಕಂಡನು.

"ಪಾಲು ಅವರದು, ಮಾರಿದರು, ತಪ್ಪೇನು?" ಎನ್ನುವಿರಿ. ಒಪ್ಪಿದೆ. ಸೆಬಿಯ 2011ರ ನಿಯಮದ ಪ್ರಕಾರ ಶೇಕಡ 25ರ ಗಡಿ ಮುಟ್ಟುವವರು ಇತರ ಷೇರುದಾರರಿಂದ ಕನಿಷ್ಠ ಶೇಕಡ 26ರಷ್ಟು ಪಾಲನ್ನು ಕೊಳ್ಳಲು ಮುಂದಾಗಬೇಕು. ಸಣ್ಣ ಷೇರುದಾರನೂ ತಕ್ಕ ಬೆಲೆ ಪಡೆದು ಹೊರಬರಲೆಂದು ತೆರೆದಿಟ್ಟ ಬಾಗಿಲು ಅದು. ನೌಕರನಿಗೆ ಅಂಥ ಬಾಗಿಲು ಆ ನಿಯಮದಲ್ಲಿಲ್ಲ. ಅವನ ಪಾಲಿಗಿರುವುದು ರಾಜೀನಾಮೆ ಪತ್ರವೊಂದೇ. ಆದರೂ ಷೇರುದಾರ ಹೊರಬಂದರೆ ಜಾಣ, ನೌಕರ ಹೊರಬಂದರೆ ನಿಯತ್ತಿಲ್ಲದವನು!

ನಮ್ಮ ಸೀಮೆಯವರಿಗೆ ಈ ನ್ಯಾಯ ತಿಳಿಯದ್ದೇನಲ್ಲ. ಚಳ್ಳಕೆರೆಯ ಮಂಡಿಯಲ್ಲಿ ಶೇಂಗಾ ದಾಸ್ತಾನಿಟ್ಟು ಕಾಯಬಲ್ಲವನಿಗೆ ಬೆಲೆಯೇರಿಕೆಯ ಲಾಭ. ಸಾಲ ತೀರಿಸಲು ಸುಗ್ಗಿಯಲ್ಲೇ ಮಾರಿದ ರೈತನಿಗೆ ಅದು ದಕ್ಕದು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ನಾಡಿನಲ್ಲೆಲ್ಲ ಹೆಸರು. ಕೂಲಿಗೆ ನೇಯುವವನು ಕೂಲಿ ಸಾಲದೆ ಬೇರೆ ಸಾಹುಕಾರನ ನೂಲು ಹಿಡಿದರೆ ಅವನನ್ನು ದ್ರೋಹಿಯೆನ್ನಲು ನಮಗೆ ಬಾಯಿ ಬಂದೀತೇ? ಕಂಪ್ಯೂಟರ್ ಮುಂದೆ ಕುಳಿತ ನಮ್ಮ ಮಕ್ಕಳೂ ಕೂಲಿ ನೇಯುವವರೇ. ಕೂಲಿ ದೊಡ್ಡದು, ಅಷ್ಟೇ ವ್ಯತ್ಯಾಸ. ಕೆಲವರಿಗೆ ಕಂಪನಿಯೇ ಕೊಟ್ಟ ಷೇರುಗಳಿರುತ್ತವೆ, ನಿಜ. ಆದರೆ ಕಂಪನಿಯನ್ನು ಯಾರಿಗೆ ಮಾರಬೇಕೆಂಬ ಮಾತಿನಲ್ಲಿ ಆ ಹಿಡಿಯಷ್ಟು ಷೇರಿಗೆ ಎಷ್ಟು ತೂಕ?

ಕೊಂಡವರಿಗೂ ಒಂದು ಮಾತು ಸಲ್ಲುತ್ತದೆ. ಎಣ್ಣೆ ಗಿರಣಿಯನ್ನು ಕೊಂಡರೆ ಯಂತ್ರಗಳಾದರೂ ಉಳಿಯುತ್ತವೆ. ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಕೆಲಸ ಬಲ್ಲವರೇ ಬಂಡವಾಳ. ಅವರನ್ನು ಲೆಕ್ಕಕ್ಕಿಡದೆ ಕೊಂಡವರು, ಅವರು ಹೊರಟಾಗ ದೂರುವುದು ತರವಲ್ಲ.

ಶಿಷ್ಯರೇ, ಹಿಡಿದ ಕೆಲಸವನ್ನು ಅಚ್ಚುಕಟ್ಟಾಗಿ ಒಪ್ಪಿಸಿ, ನೋಟಿಸಿನ ಅವಧಿ ಪೂರೈಸಿ ಹೊರಡಿರಿ. ಸಂಬಳಗಾರನ ನಿಯತ್ತು ಅಲ್ಲಿಗೆ ಸಂದಿತು. ಬಂಧುಗಳೇ, ಷೇರು ಮಾರುವ ಸ್ವಾತಂತ್ರ್ಯ ನಿಮಗಿರುವಂತೆ, ತಮ್ಮ ದುಡಿಮೆಯನ್ನು ಬೇರೆಡೆಗೆ ಒಯ್ಯುವ ಸ್ವಾತಂತ್ರ್ಯ ನಿಮ್ಮ ಮಕ್ಕಳಿಗೂ ಇರಲಿ.