ನೂರಕ್ಕೆ ನೂರು ಮತ್ತು ಮೈಕ್ ಸೆಟ್ಟಿನ ಹುಡುಗ

ನಾನು ಮೂವತ್ತೊಂದು ವರ್ಷ ಕನ್ನಡ ಪಾಠ ಹೇಳಿದ ಶಾಲೆಯಿಂದ ಈಗಲೂ ವರ್ಷಕ್ಕೆರಡು ಬಾರಿ ವಾರ್ತಾಪತ್ರ ಬರುತ್ತದೆ. ಮೊದಲು ಅಂಚೆಯಲ್ಲಿ ಬರುತ್ತಿತ್ತು. ಈಗ ವಾಟ್ಸಾಪಿನಲ್ಲಿ ಬರುತ್ತದೆ. ಅಕ್ಷರ ಸಣ್ಣದಾದ್ದರಿಂದ ಬೆರಳಿನಿಂದ ಹಿಗ್ಗಿಸಿ, ಸಾಲಿನ ಬಾಲ ಎಲ್ಲಿ ಹೋಯಿತೆಂದು ಹುಡುಕಿ ಓದಬೇಕು. ಆದರೂ ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ. ಬಿಟ್ಟು ಬಂದ ಮನೆಯ ಸುದ್ದಿ ಯಾರಿಗೆ ಬೇಡ?

ಈ ಸಲದ ಸಂಚಿಕೆ ಹದಿನಾರು ಪುಟ. ಕಾರ್ಯದರ್ಶಿಗಳ ಭಾವಚಿತ್ರ ಮೊದಲು, ಅವರ ಸಂದೇಶ ಆಮೇಲೆ. ಕರಾಟೆಯಲ್ಲಿ ಕಂದು ಪಟ್ಟಿ ಪಡೆದ ಮಕ್ಕಳು, ಅಬ್ಯಾಕಸ್‌ನಲ್ಲಿ ಗೆದ್ದವರು, ಪ್ರತಿಭಾ ಕಾರಂಜಿಯಲ್ಲಿ ತಾಲ್ಲೂಕು ಮಟ್ಟಕ್ಕೆ ಹೋದ ಕೋಲಾಟದ ತಂಡ, ಒಲಿಂಪಿಯಾಡ್ ಪರೀಕ್ಷೆಗಳಲ್ಲಿ ಪದಕ ತಂದವರು. (ಶುಲ್ಕ ಕಟ್ಟಿದವರಲ್ಲಿ ಬಹುಪಾಲು ಮಕ್ಕಳಿಗೆ ಏನಾದರೊಂದು ಪದಕ ಸಿಗುವ ಪರೀಕ್ಷೆಗಳೂ ಇವೆ ಎಂಬುದನ್ನು ಹಳೆಯ ಮೇಷ್ಟರಾದ ನಾವು ಬಲ್ಲೆವು. ಇರಲಿ, ಮಗು ಸಂತೋಷಪಟ್ಟಿತಲ್ಲ.) ನಡುಪುಟದಲ್ಲಿ ದಪ್ಪಕ್ಷರದಲ್ಲಿ: ಎಸ್ಸೆಸ್ಸೆಲ್ಸಿಯಲ್ಲಿ ಸತತವಾಗಿ ಶೇಕಡಾ ನೂರು ಫಲಿತಾಂಶ.

ಈ ಕೊನೆಯ ಸಾಲಿನ ಬಗ್ಗೆ ನಾನು ಬರೆಯಬೇಕು. ಬರೆಯುವ ಹಕ್ಕು ನನಗಿದೆಯೋ ಇಲ್ಲವೋ, ಹೊಣೆಯಂತೂ ಇದೆ. ಏಕೆಂದರೆ ಆ ಸಾಲನ್ನು ಆ ಶಾಲೆಯ ಕಾಗದದ ಮೇಲೆ ಮೊದಲು ಬರೆದವನು ನಾನೇ.

ನಮ್ಮದು ಅನುದಾನವಿಲ್ಲದ ಖಾಸಗಿ ಶಾಲೆ. ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಕೇಂದ್ರ. ಸರ್ಕಾರದ ಹಣವಿಲ್ಲದ್ದರಿಂದ ಮಕ್ಕಳ ಶುಲ್ಕವೇ ನಮ್ಮ ಸಂಬಳ. ಏಪ್ರಿಲ್ ಮೇ ತಿಂಗಳಲ್ಲಿ ಎಷ್ಟು ದಾಖಲಾತಿ ಆಗುತ್ತದೋ ಅದರ ಮೇಲೆ ವರ್ಷವಿಡೀ ನಮ್ಮ ಮನೆಯ ಒಲೆ ಉರಿಯಬೇಕು. ಕನ್ನಡದ ಮೇಷ್ಟರೆಂದರೆ ಊರಿನ ಲೆಕ್ಕದಲ್ಲಿ ಬರೆಯಲು ಬಲ್ಲವರು. ಹಾಗಾಗಿ ಸ್ವಾಗತ ಭಾಷಣ, ಅಭಿನಂದನಾ ಪತ್ರ, ಸಂತಾಪ ಸೂಚನೆ, ವಾರ್ಷಿಕ ವರದಿ ಎಲ್ಲವೂ ನನ್ನ ಪಾಲಿಗೆ ಬರುತ್ತಿದ್ದವು.

1998ರ ಏಪ್ರಿಲ್‌ನಲ್ಲಿ ಒಂಬತ್ತನೆಯ ತರಗತಿಯ ಫಲಿತಾಂಶ ಸಿದ್ಧಪಡಿಸುತ್ತಿದ್ದಾಗ ಮುಖ್ಯೋಪಾಧ್ಯಾಯರು ನನ್ನನ್ನು ಕರೆದು ಒಂದು ಚೀಟಿ ಕೊಟ್ಟರು. ಅದರಲ್ಲಿ ಐದು ಹೆಸರುಗಳಿದ್ದವು. ನಾನು ಆ ತರಗತಿಯ ಉಪಾಧ್ಯಾಯ. ಎಂಟನೆಯ ತರಗತಿಗೆ ನಲವತ್ತಾರು ಮಕ್ಕಳು ಸೇರಿದ್ದರು. ಹತ್ತಕ್ಕೆ ನಲವತ್ತೊಂದು ಸಾಕು ಎಂಬುದು ಆಡಳಿತ ಮಂಡಳಿಯ ಅಭಿಪ್ರಾಯ. ಉಳಿದ ಐವರ ತಂದೆತಾಯಿಯರನ್ನು ಕರೆದು ನಯವಾಗಿ ಹೇಳಬೇಕು. ವರ್ಗಾವಣೆ ಪತ್ರ ತೆಗೆದುಕೊಂಡು ಬೇರೆ ಶಾಲೆಗೆ ಸೇರಿಸಬಹುದು, ಇಲ್ಲವೇ ಮುಂದೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕಟ್ಟಿಸಬಹುದು. 'ನಯವಾಗಿ' ಎಂಬ ಮಾತನ್ನು ಅವರು ಎರಡು ಸಲ ಹೇಳಿದರು.

ಐವರಲ್ಲಿ ಒಬ್ಬ ಸೈಕಲ್ ಶಾಪಿನವರ ಮಗ. ಗಣಿತದಲ್ಲೂ ಇಂಗ್ಲಿಷಿನಲ್ಲೂ ಹಿಂದೆ. ಕನ್ನಡದಲ್ಲಿ ಕಾಗುಣಿತ ತಪ್ಪುತ್ತಿದ್ದ, ಆದರೆ ಕತೆ ಹೇಳಿಸಿದರೆ ಹೇಳುತ್ತಿದ್ದ. ಶಾಲೆಯ ವಿದ್ಯುತ್ ಗಂಟೆ ಕೆಟ್ಟಾಗ ಸರಿಮಾಡುತ್ತಿದ್ದವನು ಅವನೇ. ತಂದೆ ಗ್ರೀಸಿನ ಕೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಬಂದು ಕುಳಿತರು. ಕುರ್ಚಿಯ ತುದಿಯಲ್ಲಿ ಕುಳಿತರು. ನಾನು ಮೊದಲೇ ಜೋಡಿಸಿಕೊಂಡಿದ್ದ ವಾಕ್ಯಗಳನ್ನು ಹೇಳಿದೆ: ಹುಡುಗನ ಹಿತಕ್ಕಾಗಿಯೇ, ಒತ್ತಡ ತಾಳಲಾರ, ಬೇರೆಡೆ ನೆಮ್ಮದಿಯಾಗಿ ಓದಬಹುದು, ಇತ್ಯಾದಿ. ಅವರು ಒಂದೇ ಮಾತು ಹೇಳಿದರು: "ನೀವು ಹೇಳಿದ್ಮೇಲೆ ಸರಿಯೇ ಇರುತ್ತೆ ಮೇಷ್ಟ್ರೇ." ಜಗಳವಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

1999ರ ಪರೀಕ್ಷೆಯಲ್ಲಿ ನಲವತ್ತೊಂದಕ್ಕೆ ನಲವತ್ತೊಂದೂ ತೇರ್ಗಡೆ. ಡಿಸೆಂಬರಿನ ವಾರ್ಷಿಕೋತ್ಸವದಲ್ಲಿ ನಾನೇ ವರದಿ ಓದಬೇಕು. ವೇದಿಕೆ ಹತ್ತಿ ನಿಂತೆ. ಮೈಕು ನನ್ನ ಎತ್ತರಕ್ಕೆ ಕೆಳಗಿತ್ತು. ಮೈಕ್ ಸೆಟ್ಟಿನವರ ಕಡೆಯ ಹುಡುಗನೊಬ್ಬ ಓಡಿ ಬಂದು, ಸ್ಟ್ಯಾಂಡಿನ ತಿರುಪು ಸಡಿಲಿಸಿ, ಎತ್ತರಿಸಿ, ಬಿಗಿಮಾಡಿ, "ಈಗ ಮಾತಾಡಿ ಸಾರ್" ಎಂದು ಹೇಳಿ ಕೆಳಗಿಳಿದ. ಅವನೇ. ನಾನು ಓದಿದೆ. "ನಮ್ಮ ಶಾಲೆಯ ಇತಿಹಾಸದಲ್ಲೇ ಪ್ರಥಮ ಬಾರಿಗೆ ಶೇಕಡಾ ನೂರು" ಎಂದಾಗ ಚಪ್ಪಾಳೆ ಬಿತ್ತು. ಆಂಪ್ಲಿಫೈಯರಿನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದ ಅವನೂ ಚಪ್ಪಾಳೆ ತಟ್ಟಿದ. ಅದು ವ್ಯಂಗ್ಯವಾಗಿರಲಿಲ್ಲ. ಅವನು ಅಂಥವನಲ್ಲ. ತನ್ನ ಗೆಳೆಯರು ಪಾಸಾದರೆಂಬ ಸಂತೋಷಕ್ಕೆ ತಟ್ಟಿದ.

ಆಮೇಲೆ ನಾನು ನಿವೃತ್ತನಾದ 2012ರವರೆಗೂ ಪ್ರತಿವರ್ಷ ಆ ಸಾಲನ್ನು ಬರೆದೆ. 'ಪ್ರಥಮ ಬಾರಿಗೆ' ಹೋಗಿ 'ಸತತ' ಬಂತು, ಅಷ್ಟೇ ವ್ಯತ್ಯಾಸ.

ಶೇಕಡಾವಾರು ಎಂಬುದು ಭಾಗಾಕಾರ. ಮೇಲಿನ ಸಂಖ್ಯೆಯನ್ನು ಹೆಚ್ಚಿಸುವುದು ಕಷ್ಟ, ಅದಕ್ಕೆ ಪಾಠ ಹೇಳಬೇಕು. ಕೆಳಗಿನ ಸಂಖ್ಯೆಯನ್ನು ಇಳಿಸುವುದು ಸುಲಭ, ಅದಕ್ಕೆ ಒಂದು ವರ್ಗಾವಣೆ ಪತ್ರ ಸಾಕು. ಎಲ್ಲ ಶಾಲೆಗಳೂ ಹೀಗೆ ಮಾಡುತ್ತವೆ ಎಂದು ನಾನು ಹೇಳುವುದಿಲ್ಲ. ನಿಜವಾಗಿ ದುಡಿದು ನೂರು ತಂದ ಶಾಲೆಗಳನ್ನೂ ಕಂಡಿದ್ದೇನೆ. ಬೆಳಿಗ್ಗೆ ಏಳಕ್ಕೆ ತರಗತಿ ತೆರೆದು, ರಾತ್ರಿ ಮಕ್ಕಳ ಮನೆಗೆ ಹೋಗಿ ಓದುತ್ತಿದ್ದಾರೆಯೇ ಎಂದು ನೋಡಿ ಬಂದ ಸಹೋದ್ಯೋಗಿಗಳು ನನಗಿದ್ದರು. ತೊಂದರೆಯೆಂದರೆ ಬಸ್ ನಿಲ್ದಾಣದ ಫ್ಲೆಕ್ಸಿನ ಮೇಲೆ ಎರಡು ಬಗೆಯ ನೂರೂ ಒಂದೇ ರೀತಿ ಕಾಣುತ್ತವೆ.

2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು, 2010ರ ಏಪ್ರಿಲ್ 1ರಿಂದ ಜಾರಿಯಾದಾಗ ನನಗೆ ಒಂದು ಆಸೆ ಹುಟ್ಟಿತ್ತು. ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ, ಅಂದರೆ ಎಂಟನೆಯ ತರಗತಿಯವರೆಗೆ, ಮಗುವನ್ನು ಶಾಲೆಯಿಂದ ಹೊರಹಾಕುವಂತಿಲ್ಲವೆಂದು ಅದು ಹೇಳಿತು. ಆದರೆ ನಮ್ಮ ಜರಡಿ ಇದ್ದದ್ದೇ ಒಂಬತ್ತರಲ್ಲಿ. ಕಾಯ್ದೆಯ ಬೇಲಿ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಒಂದು ಹೆಜ್ಜೆ ಆಚೆ. ಅದು ಅಲ್ಲಿಯೇ ಉಳಿಯಿತು.

ಕೊರೋನಾ ಕಾಲದ 2021ರಲ್ಲಿ, ಜುಲೈ ತಿಂಗಳಲ್ಲಿ ಎರಡೇ ದಿನ ಪರೀಕ್ಷೆ ನಡೆದು, ರಾಜ್ಯದಲ್ಲಿ ಹೆಚ್ಚುಕಡಿಮೆ ಪರೀಕ್ಷೆ ಬರೆದವರೆಲ್ಲ ತೇರ್ಗಡೆಯಾದರು. 157 ಮಕ್ಕಳು 625ಕ್ಕೆ 625 ಪಡೆದರು. ಆ ವರ್ಷವೂ ನಮ್ಮ ಊರಿನಲ್ಲಿ 'ಸತತ ಶೇ. 100' ಫ್ಲೆಕ್ಸುಗಳು ಎದ್ದು ನಿಂತವು! ನಕ್ಕೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ 73.40ಕ್ಕೆ ಇಳಿಯಿತು. ಆಗ ನಗು ಬರಲಿಲ್ಲ. ಕೊಠಡಿಯೊಳಗೆ ಕ್ಯಾಮೆರಾ ಇಟ್ಟರು, ಒಳ್ಳೆಯದೇ. ಕೊಠಡಿಯವರೆಗೆ ಬಾರದೇ ಹೋದ ಮಕ್ಕಳನ್ನು ನೋಡಲು ಯಾವ ಕ್ಯಾಮೆರಾ ಇದೆ?

ಶಾಲೆಯ ಸಾಧನೆ ಎಂದರೇನು ಎಂದು ಯೋಚಿಸುವಾಗ ನನಗೆ ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ನೆನಪಾಗುತ್ತದೆ. 1917ರಲ್ಲಿ ಪ್ರಾರಂಭವಾದ ಶಾಲೆ, ಸರ್ಕಾರದ್ದಲ್ಲ. 1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಬಡ ಹುಡುಗ ಬಸ್ಸಿಗೆ ಹಣವಿಲ್ಲದೆ ನಡೆದುಕೊಂಡೇ ಬಂದು ಅಲ್ಲಿ ಸೇರಿದ. ಮುಂದೆ ಅವರೇ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳೂ ಆದ ಎಚ್. ನರಸಿಂಹಯ್ಯನವರು. ಆ ವರ್ಷ ಆ ಶಾಲೆಯಲ್ಲಿ ಎಷ್ಟು ಮಂದಿ ತೇರ್ಗಡೆಯಾದರೆಂಬುದು ಇಂದು ಯಾರಿಗೆ ಬೇಕು? ಬಾಗಿಲಿಗೆ ಬಂದ ಹುಡುಗನನ್ನು ಒಳಗೆ ಕರೆದುಕೊಂಡರು ಎಂಬುದೇ ಸುದ್ದಿ. ಅವರು ಬುದ್ಧಿವಂತ ವಿದ್ಯಾರ್ಥಿ, ಸೈಕಲ್ ಶಾಪಿನ ಹುಡುಗನಿಗೆ ಈ ಹೋಲಿಕೆ ಸಲ್ಲದು ಎಂದು ನೀವು ಆಕ್ಷೇಪಿಸಬಹುದು. ಆಕ್ಷೇಪಣೆ ಸರಿಯೇ. ಆದರೆ ಜಾಣರನ್ನು ಒಳಗೆ ಬಿಡಲು ಬಾಗಿಲು ಬೇಕೆಂದೇನೂ ಇಲ್ಲ, ಅವರು ಕಿಟಕಿಯಿಂದಲೂ ಬರುತ್ತಾರೆ. ಬಾಗಿಲು ಬೇಕಾದದ್ದು ಉಳಿದವರಿಗೆ.

ವಾರ್ತಾಪತ್ರದಲ್ಲಿ ಇಲ್ಲದ ಸುದ್ದಿಗಳು ಎಷ್ಟೋ. ಇಪ್ಪತ್ತೆರಡು ವರ್ಷ ಗಂಟೆ ಹೊಡೆದು, ಹೊಟ್ಟೆನೋವೆಂದು ಅಳುವ ಮಕ್ಕಳನ್ನು ಮಡಿಲಲ್ಲಿ ಮಲಗಿಸಿಕೊಂಡ ಆಯಮ್ಮ ಕೆಲಸ ಬಿಟ್ಟದ್ದು ಸುದ್ದಿಯಾಗಲಿಲ್ಲ. ಮಾತು ತೊದಲುತ್ತಿದ್ದ ಒಬ್ಬ ಹುಡುಗಿ ಒಂದು ಸೋಮವಾರ ಪ್ರಾರ್ಥನೆಯಲ್ಲಿ ದಿನಪತ್ರಿಕೆಯ ಮುಖ್ಯಾಂಶಗಳನ್ನು ಓದಿ ಮುಗಿಸಿದಳು. ಅಂದು ಇಡೀ ಶಾಲೆ ಉಸಿರು ಬಿಗಿಹಿಡಿದು ನಿಂತಿತ್ತು. ಆ ದಿನ ನನ್ನ ವೃತ್ತಿಜೀವನದ ದೊಡ್ಡ ದಿನಗಳಲ್ಲೊಂದು. ಇಂಥವನ್ನು ಹೆಸರು ಹಾಕಿ ಅಚ್ಚುಮಾಡಬಾರದು, ನಿಜ, ಮಕ್ಕಳಿಗೆ ಮುಜುಗರ. ಆದರೆ ಅಚ್ಚಾಗದಿದ್ದರೂ ಲೆಕ್ಕದಲ್ಲಿರಬೇಕು.

ಈಗ ಇದನ್ನೆಲ್ಲ ಬರೆಯಲು ಕಾರಣವೇನೆಂದರೆ, ಕಳೆದ ಏಪ್ರಿಲಿನಲ್ಲಿ ಆ ಹುಡುಗ ನಮ್ಮ ಮನೆಗೆ ಬಂದಿದ್ದ. ಹುಡುಗನೇನು, ತಲೆಗೂದಲು ನರೆತಿದೆ. ಸ್ವಂತ ಮೈಕ್ ಸೆಟ್, ಶಾಮಿಯಾನ, ಎರಡು ಜನರೇಟರ್ ಇಟ್ಟಿದ್ದಾನೆ. ತಾಲ್ಲೂಕಿನ ಅರ್ಧ ಮದುವೆಗಳು ಅವನವೇ. ಕುರ್ಚಿಯ ತುದಿಯಲ್ಲಿ, ಥೇಟ್ ತಂದೆಯ ಹಾಗೆಯೇ, ಕುಳಿತ. ಮಗಳು ಒಂಬತ್ತನೆಯ ತರಗತಿ. ಶಾಲೆಯವರು ಕರೆಸಿ ನಯವಾಗಿ ಹೇಳಿದ್ದಾರೆ.

"ಅದೇ ಶಾಲೆಗೆ ಯಾಕಪ್ಪ ಸೇರಿಸಿದೆ?" ಎಂದು ಕೇಳಿದೆ.

"ಊರಲ್ಲಿ ಒಳ್ಳೆ ಶಾಲೆ ಅದೇ ಅಲ್ವಾ ಸಾರ್? ನೂರಕ್ಕೆ ನೂರು ರಿಸಲ್ಟ್ ಬರುತ್ತೆ," ಎಂದ.

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಒಳಗಿನಿಂದ ನನ್ನ ಹೆಂಡತಿ ಕಾಫಿ ತಂದಳು.

ಮರುದಿನ ಇಬ್ಬರೂ ಶಾಲೆಗೆ ಹೋದೆವು. ಈಗಿನ ಮುಖ್ಯೋಪಾಧ್ಯಾಯಿನಿ ನನ್ನ ವಿದ್ಯಾರ್ಥಿನಿಯೇ. ಎದ್ದು ನಿಂತು ನಮಸ್ಕರಿಸಿ ಕುರ್ಚಿ ಎಳೆದುಕೊಟ್ಟಳು. ನಾನು ಬಂದ ವಿಷಯ ಹೇಳಿದೆ. ಆಕೆ ತಲೆ ತಗ್ಗಿಸಿ ಹೇಳಿದಳು: "ಈ ಪದ್ಧತಿ ನಾನು ತಂದದ್ದಲ್ಲ ಸಾರ್. ನಿಮ್ಮ ಕಾಲದಿಂದಲೇ ಬಂದದ್ದು." ಸುಳ್ಳಲ್ಲ. ಆಕೆಯ ಕಷ್ಟವೂ ನನಗೆ ಗೊತ್ತು. ಮೇಲೆ ಆಡಳಿತ ಮಂಡಳಿ, ಪಕ್ಕದ ರಸ್ತೆಯಲ್ಲಿ ಹೊಸದಾಗಿ ತೆರೆದ ಇನ್ನೊಂದು ಶಾಲೆ, ಫಲಿತಾಂಶ ಕುಸಿದರೆ ಕಾರಣ ಕೇಳಿ ಬರುವ ಇಲಾಖೆಯ ಪತ್ರ. ಒಂದು ಗಂಟೆ ಮಾತಾಡಿದೆವು. ಕೊನೆಗೆ, ಹುಡುಗಿಯ ಓದಿನ ಹೊಣೆಯನ್ನು ನಾನು ವಹಿಸಿಕೊಂಡರೆ ಹತ್ತನೆಯ ತರಗತಿಗೆ ಉಳಿಸಿಕೊಳ್ಳುವುದಾಗಿ ಒಪ್ಪಿದಳು. ಹಾಗೆ ಒಪ್ಪಿಸಬೇಕಾಗಿ ಬಂದದ್ದೇ ಸರಿಯಲ್ಲ ಎಂದು ನನಗನಿಸುತ್ತದೆ. ಬೆನ್ನಿಗೆ ನಿಲ್ಲಲು ನಿವೃತ್ತ ಮೇಷ್ಟರೊಬ್ಬ ಸಿಗದ ಮಕ್ಕಳ ಗತಿಯೇನು? ಅದೇ ಚೀಟಿಯಲ್ಲಿ ಇನ್ನೂ ಮೂರು ಹೆಸರುಗಳಿದ್ದವು ಎಂದು ಆಮೇಲೆ ತಿಳಿಯಿತು. ಅವರು ಈಗ ಆ ಶಾಲೆಯಲ್ಲಿಲ್ಲ.

ಆದ್ದರಿಂದ ನನ್ನ ಸಲಹೆ ಒಂದೇ, ಅದಕ್ಕೆ ಖರ್ಚೂ ಇಲ್ಲ. ಫಲಿತಾಂಶ ಪ್ರಕಟಿಸುವ ಪ್ರತಿಯೊಂದು ಶಾಲೆಯೂ, ವಾರ್ತಾಪತ್ರದಲ್ಲಾಗಲಿ ಫ್ಲೆಕ್ಸಿನಲ್ಲಾಗಲಿ, ನೂರು ಎಂಬ ಅಂಕಿಯ ಪಕ್ಕದಲ್ಲಿ ಇನ್ನೆರಡು ಅಂಕಿಗಳನ್ನು ಹಾಕಲಿ: ಈ ತಂಡದಲ್ಲಿ ಎಂಟನೆಯ ತರಗತಿಗೆ ಸೇರಿದವರು ಇಷ್ಟು, ಪರೀಕ್ಷೆಗೆ ಕುಳಿತವರು ಇಷ್ಟು. ತಂದೆಗೆ ವರ್ಗವಾಗಿ ಹೋದವರು, ಊರು ಬಿಟ್ಟವರು ಇರುತ್ತಾರೆ, ಅದನ್ನೂ ಬರೆಯಲಿ. ಶೇಕಡಾ ತೊಂಬತ್ತೆರಡು ಬಂದು, ಸೇರಿದ ಮಕ್ಕಳೆಲ್ಲ ಪರೀಕ್ಷೆಗೆ ಕುಳಿತಿದ್ದ ಶಾಲೆ ಇದ್ದರೆ, ನನ್ನ ಮೊಮ್ಮಗಳನ್ನು ನಾನು ಅಲ್ಲಿಗೇ ಸೇರಿಸಲು ಹೇಳುತ್ತೇನೆ. ಫೇಲಾದ ಎಂಟು ಮಂದಿಗೆ ಈಗ ಅದೇ ವರ್ಷ ಎರಡನೆಯ ಪರೀಕ್ಷೆಯಿದೆ. ಜುಲ್ಮಾನೆಯಂತೆ ವರ್ಷವಿಡೀ ಮನೆಯಲ್ಲಿ ಕೂರಬೇಕಿಲ್ಲ.

ವಾರ್ತಾಪತ್ರದ ಸಂಪಾದಕರಿಗೆ ಈ ಮಾತನ್ನೇ ಬರೆದು ಕಳುಹಿಸಿದ್ದೇನೆ. ಜೊತೆಗೆ 1999ರ ತಂಡದ ಎರಡು ಅಂಕಿಗಳನ್ನೂ, ಆ ವರ್ಷದ ವರದಿ ಬರೆದವನು ನಾನೆಂಬುದನ್ನೂ ತಿಳಿಸಿದ್ದೇನೆ. ಉತ್ತರ ಬಂದಿಲ್ಲ. ಓದಿದ್ದಾರೆಂಬುದಕ್ಕೆ ಎರಡು ನೀಲಿ ಗೀಟು ಬಂದಿವೆ.

ಹುಡುಗಿ ದಿನವೂ ಸಂಜೆ ಆರಕ್ಕೆ ಬರುತ್ತಾಳೆ. ಗಣಿತವನ್ನು ನನ್ನ ಹಳೆಯ ಸಹೋದ್ಯೋಗಿಯೊಬ್ಬರು ವಾರಕ್ಕೆ ಮೂರು ದಿನ ಹೇಳಿಕೊಡುತ್ತಿದ್ದಾರೆ. ಕಾಗುಣಿತ ತಂದೆಯದೇ, ಕತೆ ಹೇಳುವುದೂ ತಂದೆಯದೇ. ಸಂಧಿಪ್ರಕರಣ ಮುಗಿದಿದೆ. ಸಮಾಸ ಶುರುಮಾಡಬೇಕು.