ಟ್ರಾನ್ಸಿಸ್ಟರಿಗೆ ಎಷ್ಟು ತಂತಿ ಬೇಕು?

ಕಿರುತರಂಗ ರೇಡಿಯೋಗಳಿಗೆ ಹಾಕುವ ಹೊರಗಿನ ಏರಿಯಲ್ಲನ್ನು ಸಂಘದ ಮಾರಾಟ ವಿಭಾಗದಲ್ಲಿ ತರಿಸಿಡಬೇಕೆಂದು ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಕೆಲವು ಸದಸ್ಯರು ಕೇಳುತ್ತಿದ್ದಾರೆ. ಮಳೆಗಾಲದಲ್ಲಿ ನಾಲ್ಕು ದಿನ ಕರೆಂಟು ಹೋಗಿ, ಅದರ ಹಿಂದೆಯೇ ಮೊಬೈಲೂ ಮೂಕಾದಾಗ ಸೆಲ್ಲು ಹಾಕಿದ ರೇಡಿಯೋ ಒಂದೇ ಗತಿ ಎಂಬುದನ್ನು ನಾವು ಬಲ್ಲೆವು. ಕೊಳೆ ಔಷಧಿ ಹೊಡೆಯಲು ಎರಡು ದಿನ ಹೊಳವಾದೀತೇ ಎಂದು ಕಾಯುವವರಿಗೆ ಹವಾಮಾನ ವರದಿ ಕೇಳಿಸದಿದ್ದರೆ, ಹೊಡೆದ ಬೋರ್ಡೋ ದ್ರಾವಣ ಹಳ್ಳದ ಪಾಲು. ಆದರೂ ದುಬಾರಿ ಏರಿಯಲ್ ಬೇಡವೆಂದೇ ನಮ್ಮ ಅಭಿಪ್ರಾಯ.

ಮೊದಲು ಯಾವ ನಿಲಯ ಬೇಕೆಂದು ನಿಶ್ಚಯಿಸಬೇಕು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ನಮಗೆ ಪರಿಚಯವಾದದ್ದು ಮಧ್ಯಮ ತರಂಗದಲ್ಲಿ. ಸಣ್ಣ ಸೆಟ್ಟುಗಳಲ್ಲಿ ಮಧ್ಯಮ ತರಂಗವನ್ನು ಹಿಡಿಯುವುದು ಪೆಟ್ಟಿಗೆಯೊಳಗಿನ ಫೆರೈಟ್ ಕಡ್ಡಿ, ಮೇಲಕ್ಕೆಳೆಯುವ ಕೋಲಲ್ಲ. ಕೋಲಿಗೆ ತಂತಿ ಕಟ್ಟಿ ಪ್ರಯೋಜನವಿಲ್ಲ. ಸೆಟ್ಟನ್ನೇ ಮೆಲ್ಲಗೆ ತಿರುಗಿಸಿ ದಿಕ್ಕು ಹುಡುಕಬೇಕು. ಎಫ್.ಎಂ.ಗೆ ಬೇಕಾದ್ದು ಎತ್ತರ. ಗುಡ್ಡದ ಬುಡದ ಮನೆಯನ್ನು ಯಾವ ತಂತಿಯೂ ಗುಡ್ಡ ಹತ್ತಿಸದು! ಉದ್ದದ ತಂತಿಯ ಲಾಭವೆಲ್ಲ ಕಿರುತರಂಗಕ್ಕೆ. ಅಲ್ಲಿಯೂ ನಿಲಯಗಳು ಕಡಿಮೆಯಾಗುತ್ತ ಬಂದಿವೆ, ಬಿ.ಬಿ.ಸಿ. ಹಿಂದಿಯ ಕಿರುತರಂಗ ಪ್ರಸಾರ 2020ರ ಜನವರಿ 31ಕ್ಕೆ ನಿಂತೇಹೋಯಿತು. ಹೀಗಿರುವಾಗ ಮಳೆಯ ಸುದ್ದಿಗೆಂದು ಕಿರುತರಂಗದ ಏರಿಯಲ್ ಕೊಳ್ಳುವುದು ದಂಡ.

ಇನ್ನು, ದೂರದೇಶದ ನಿಲಯಗಳ ಮೇಲೆ ಪ್ರೀತಿಯುಳ್ಳವರ ಮಾತು ಬೇರೆ. ಉದ್ದವಿದ್ದಷ್ಟೂ ಒಳ್ಳೆಯದೆಂದು ನಾವೂ ಒಮ್ಮೆ ಮನೆಯಿಂದ ತೋಟದ ಮರಕ್ಕೆ 30 ಮೀಟರ್ ತಂತಿ ಎಳೆದೆವು. ರಾತ್ರಿ ಒಂದು ನಿಲಯದ ಮೇಲೆ ಇನ್ನೊಂದು ಹತ್ತಿ ಕುಳಿತು ಸಂತೆಯಾಯಿತು. ಸಣ್ಣ ಸೆಟ್ಟು ಅಷ್ಟನ್ನು ತಾಳದು. ಅದನ್ನೇ 7 ಮೀಟರಿಗೆ ಕತ್ತರಿಸಿ ಕೋಲಿಗೆ ಸಿಕ್ಕಿಸಿದಾಗ ದನಿ ತಿಳಿಯಾಯಿತು. ತಂತಿಯ ಉದ್ದಕ್ಕಿಂತ ಅದನ್ನು ಕಟ್ಟುವ ಜಾಗ ಮುಖ್ಯ. ಎಲ್.ಇ.ಡಿ. ದೀಪ, ಇನ್ವರ್ಟರುಗಳ ಗೊರಗೊರ, ಸೋಲಾರ್ ಬೇಲಿಯ ಟಿಕ್ ಟಿಕ್, ಇವೆಲ್ಲವನ್ನೂ ತಂತಿ ನಿಲಯದಷ್ಟೇ ಶ್ರದ್ಧೆಯಿಂದ ಒಳಗೆ ತರುತ್ತದೆ. ಆದ್ದರಿಂದ ಮನೆಯಿಂದ ಹೊರಗೆ, ಬೇಲಿಯಿಂದ ದೂರ ಇರಲಿ. ತಗಡಿನ ಮಾಡಿನ ಕೆಳಗೆ ಕಟ್ಟಬಾರದು. ಅಡಕೆ ಮರಕ್ಕೆ ಕಟ್ಟುವವರು ತಂತಿಯನ್ನು ಬಿಗಿಯದೆ ಸಡಿಲ ಬಿಡಬೇಕು. ಆಷಾಢದ ಗಾಳಿಗೆ ಮರ ತೂಗದೆ ಇರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾವು ಕಟ್ಟುನಿಟ್ಟು. ಕರೆಂಟಿನ ತಂತಿಯ ಮೇಲಾಗಲಿ ಕೆಳಗಾಗಲಿ ಏರಿಯಲ್ ಹಾಯಿಸಲೇಬಾರದು. ಲೋಹದ ದೋಟಿ ಲೈನಿಗೆ ತಾಗಿ ಕೊನೆಗಾರರು ಜೀವ ಕಳೆದುಕೊಂಡ ಸುದ್ದಿ ನಮ್ಮ ಸೀಮೆಗೆ ಹೊಸದಲ್ಲ. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಹೊರಗಿನ ತಂತಿ ಮನೆಯೊಳಗೆ ಇರಲೇ ಕೂಡದು. ಸಿಡಿಲು ತಲೆಯ ಮೇಲೆ ಬಂದಾಗ ಕಳಚಲು ಓಡುವುದಲ್ಲ. ಕೇಳಿ ಮುಗಿದೊಡನೆ ಪ್ರತಿದಿನವೂ ಕಳಚಿ ಹೊರಗಿಡುವುದನ್ನು ರೂಢಿಸಿಕೊಳ್ಳಬೇಕು.

ಪ್ಲಾಸ್ಟಿಕ್ ಹೊದಿಕೆಯ ಸಣ್ಣ ತಾಮ್ರದ ತಂತಿ, ತುದಿಗೊಂದು ಕ್ಲಿಪ್ಪು, ಸೋರದ ಒಳ್ಳೆಯ ಸೆಲ್ಲು. ಮೃಗಶಿರಾ ಮಳೆ ಹಿಡಿಯುವ ಮೊದಲು ಇವಿಷ್ಟನ್ನು ಮಾರಾಟ ವಿಭಾಗಕ್ಕೆ ತರಿಸಿದರೆ ಸಾಕೆಂದು ಆಡಳಿತ ಮಂಡಳಿಯವರಲ್ಲಿ ನಮ್ಮ ಕೋರಿಕೆ.